ಹಣ ಇಟ್ಟದ್ದು ಇಲ್ಲಿ, ದಾವೆ ಹೂಡುವುದೆಲ್ಲಿ?

ತಿಪಟೂರು ಸೀಮೆಯಲ್ಲಿ ಉಂಡೆ ಕೊಬ್ಬರಿ ಮಾಡುವುದು ಅವಸರದ ಕೆಲಸವಲ್ಲ. ಮರದಿಂದ ಇಳಿಸಿದ ಬಲಿತ ಕಾಯಿ ಸಿಪ್ಪೆ ಸಮೇತ ಅಟ್ಟ ಸೇರುತ್ತದೆ. ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ಕುಳಿತು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಸದ್ದು ಮಾಡುವಂತಾದ ಮೇಲೆಯೇ ಸುಲಿಯುವುದು. ಅಷ್ಟು ಕಾಲ ಕಾದು ಮಾರಿದ ಕೊಬ್ಬರಿಯ ಹಣ ಹೋಗಿ ಕೂರುವುದು ಬ್ಯಾಂಕಿನ ಖಾತೆಯಲ್ಲಿ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೆಳೆಗಾರರೊಬ್ಬರ ಖಾತೆ ತಿಪಟೂರಿನ ಶಾಖೆಯೊಂದರಲ್ಲಿದೆ. ಒಂದು ದಿನ ನೋಡಿದರೆ ಎಂಟು ಸಾವಿರ ರೂಪಾಯಿ ಕಾಣೆ. ದೆಹಲಿಯ ಎಟಿಎಂ ಒಂದರಲ್ಲಿ ಆ ಹಣ ತೆಗೆದಂತೆ ಲೆಕ್ಕ ಹೇಳುತ್ತದೆ. ಬೆಳೆಗಾರರು ಊರು ಬಿಟ್ಟು ಹೋಗಿಯೇ ಇಲ್ಲ. ಶಾಖೆಯವರು ‘ಕಾರ್ಡಿನ ವ್ಯವಹಾರ ನಮ್ಮ ಕೈಯಲ್ಲಿಲ್ಲ, ಮುಂಬೈಗೆ ಬರೆಯಿರಿ’ ಎನ್ನುತ್ತಾರೆ. ಮುಂಬೈನಿಂದ ಉತ್ತರವಿಲ್ಲ. ಇನ್ನು ಉಳಿದದ್ದು ಕೋರ್ಟು. ಆದರೆ ಯಾವ ಊರಿನ ಕೋರ್ಟು? ತಾವಿರುವ ಚಿಕ್ಕನಾಯಕನಹಳ್ಳಿಯದೋ, ಖಾತೆಯಿರುವ ತಿಪಟೂರಿನದೋ, ಹಣ ಹೋದ ದೆಹಲಿಯದೋ, ಪ್ರಧಾನ ಕಚೇರಿಯಿರುವ ಮುಂಬೈನದೋ?

ಎಂಟು ಕೋಟಿ ರೂಪಾಯಿಯ ವ್ಯಾಜ್ಯವಾದರೆ ಈ ಪ್ರಶ್ನೆಯನ್ನು ವಕೀಲರಿಗೆ ಬಿಡಬಹುದು. ಎಂಟು ಸಾವಿರಕ್ಕೆ ಮುಂಬೈಗೆ ಎರಡು ಬಾರಿ ಹೋಗಿ ಬಂದರೆ ಗೆದ್ದರೂ ಸೋತಂತೆಯೇ. ಸಣ್ಣ ಮೊತ್ತದ ಹಕ್ಕುದಾರನ ಪಾಲಿಗೆ ‘ಎಲ್ಲಿ’ ಎಂಬುದೇ ‘ಸಿಗುತ್ತದೆಯೋ ಇಲ್ಲವೋ’ ಎಂಬುದನ್ನು ತೀರ್ಮಾನಿಸುತ್ತದೆ. ನ್ಯಾಯಶಾಸ್ತ್ರ ಇದನ್ನು ನ್ಯಾಯವ್ಯಾಪ್ತಿ ಎಂದು ಕರೆಯುತ್ತದೆ. ಒಣ ಪದವೆಂದು ಕಂಡರೂ ಇದರ ಹಿಂದೆ ಒಂದೂಮುಕ್ಕಾಲು ಶತಮಾನದ ಇತಿಹಾಸವಿದೆ. ನ್ಯಾಯದ ಬಾಗಿಲು ಬ್ಯಾಂಕಿನ ಅಂಗಳದಿಂದ ಗ್ರಾಹಕನ ಊರಿನ ಕಡೆಗೆ ನಿಧಾನವಾಗಿ, ಎಡವುತ್ತಾ, ಸರಿದು ಬಂದ ಇತಿಹಾಸ ಅದು.

ಸಾಲಗಾರ ಯಾರು?

ಬ್ಯಾಂಕಿನಲ್ಲಿ ಹಣ ಇಡುವುದೆಂದರೆ ತಿಜೋರಿಯಲ್ಲಿ ಒಡವೆ ಇಟ್ಟಂತೆ ಎಂದು ನಾವು ಭಾವಿಸುತ್ತೇವೆ. ಕಾನೂನು ಹಾಗೆ ಭಾವಿಸುವುದಿಲ್ಲ. 1848ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ‘ಫೋಲಿ ಮತ್ತು ಹಿಲ್’ ಪ್ರಕರಣದಲ್ಲಿ ಈ ಸಂಬಂಧವನ್ನು ಸ್ಪಷ್ಟಪಡಿಸಿತು. ಬ್ಯಾಂಕಿಗೆ ಕೊಟ್ಟ ಹಣ ಬ್ಯಾಂಕಿನದಾಗುತ್ತದೆ. ಅಷ್ಟೇ ಮೊತ್ತವನ್ನು ಹಿಂದಿರುಗಿಸುವ ಸಾಲ ಅದರ ತಲೆಯ ಮೇಲೆ ಕೂರುತ್ತದೆ. ಅಂದರೆ ಠೇವಣಿದಾರನೇ ಸಾಲ ಕೊಟ್ಟವನು, ಬ್ಯಾಂಕೇ ಸಾಲಗಾರ.

ಈ ಸಾಲವನ್ನು ಎಲ್ಲಿ ಕೇಳಬೇಕು? 1921ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ‘ಯೋವಾಕಿಮ್‌ಸನ್ ಮತ್ತು ಸ್ವಿಸ್ ಬ್ಯಾಂಕ್ ಕಾರ್ಪೊರೇಷನ್’ ಪ್ರಕರಣದಲ್ಲಿ ಉತ್ತರ ಹೇಳಿತು. 1914ರಲ್ಲಿ ಮಹಾಯುದ್ಧ ಶುರುವಾದಾಗ ಮ್ಯಾಂಚೆಸ್ಟರಿನ ವ್ಯಾಪಾರಿ ಸಂಸ್ಥೆಯೊಂದರ ಖಾತೆಯಲ್ಲಿ ಉಳಿದಿದ್ದ ಹಣದ ವ್ಯಾಜ್ಯ ಅದು. ಚಾಲ್ತಿ ಖಾತೆಯ ಹಣವನ್ನು ಗ್ರಾಹಕ ಕೇಳದ ಹೊರತು ಕೊಡಬೇಕಾದ ಹೊಣೆ ಬ್ಯಾಂಕಿಗೆ ಹುಟ್ಟುವುದಿಲ್ಲ, ಕೇಳಬೇಕಾದದ್ದು ಖಾತೆ ಇರುವ ಶಾಖೆಯಲ್ಲಿ ಎಂದು ನ್ಯಾಯಾಲಯ ಹೇಳಿತು. ಈ ತತ್ವ ನಮ್ಮ ಕಾನೂನಿನಲ್ಲೂ ಬೇರೂರಿದೆ. ಕೇಳಿದಾಗ ಕೊಡಬೇಕಾದ ಠೇವಣಿಗೆ ದಾವೆ ಹೂಡುವ ಮೂರು ವರ್ಷದ ಗಡುವು ಹಣ ಇಟ್ಟ ದಿನದಿಂದಲ್ಲ, ಕೇಳಿದ ದಿನದಿಂದ ಶುರುವಾಗುತ್ತದೆ ಎಂದು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ.

ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಈ ನಿಯಮ ಹಳ್ಳಿಯವನಿಗೆ ದೊಡ್ಡ ಆಸರೆ. ಬ್ಯಾಂಕು ಲಂಡನ್ನಿನದಾಗಲಿ ಮುಂಬೈನದಾಗಲಿ, ಸಾಲ ತೀರಿಸಬೇಕಾದ ಜಾಗ ತಿಪಟೂರು. ಆದರೆ ತಿಪಟೂರಿನ ನ್ಯಾಯಾಧೀಶರ ತೀರ್ಪು ಬ್ಯಾಂಕಿನ ಆಸ್ತಿ ಇರುವ ಊರಿನಲ್ಲೂ ನಡೆಯಬೇಕಲ್ಲವೆ? ಒಂದು ಕಾಲದಲ್ಲಿ ಅದು ಸುಲಭವಿರಲಿಲ್ಲ.

ಮೈಸೂರು ಪರದೇಶವಾಗಿದ್ದಾಗ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದ ಬ್ರಿಟಿಷರು ಬೆಂಗಳೂರಿನ ದಂಡು ಪ್ರದೇಶದ ಆಡಳಿತವನ್ನು ತಮ್ಮಲ್ಲೇ ಇಟ್ಟುಕೊಂಡರು. ತಿಪಟೂರಿನಿಂದ ರೈಲು ಹತ್ತಿ ಬೆಂಗಳೂರು ಸಿಟಿಯಲ್ಲಿ ಇಳಿದವನಿಗೆ ಅಲ್ಲಿ ಮಹಾರಾಜರ ಕಾನೂನು. ಅಲ್ಲಿಂದ ಕಬ್ಬನ್ ಪಾರ್ಕು ದಾಟಿ ದಂಡಿಗೆ ಹೋದರೆ ರೆಸಿಡೆಂಟರ ಆಡಳಿತ, ಬೇರೆ ನ್ಯಾಯಾಲಯಗಳು. ಒಂದೇ ಊರಿನಲ್ಲಿ ಎರಡು ನ್ಯಾಯವ್ಯಾಪ್ತಿ. ದಂಡು ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರವಷ್ಟೇ ಉಳಿದಿದ್ದಾಗ.

ಮದ್ರಾಸಿನ ಕೋರ್ಟುಗಳ ಕಣ್ಣಿಗೆ ಮೈಸೂರಿನ ತೀರ್ಪು ‘ವಿದೇಶಿ ತೀರ್ಪು’. ಪರಸ್ಪರ ಒಪ್ಪಿಗೆಯ ಏರ್ಪಾಡು ಇದ್ದರೆ ಸರಿ. ಇಲ್ಲವಾದರೆ ಇಲ್ಲಿ ಗೆದ್ದವನು ಆ ತೀರ್ಪನ್ನೇ ಆಧಾರವಾಗಿಟ್ಟುಕೊಂಡು ಅಲ್ಲಿ ಹೊಸದಾಗಿ ದಾವೆ ಹೂಡಬೇಕು. ದೇಶೀ ಸಂಸ್ಥಾನಗಳ ತೀರ್ಪಿಗೆ ಗಡಿಯಾಚೆ ಎಷ್ಟು ಬೆಲೆ ಎಂಬುದು ಫರೀದ್‌ಕೋಟ್ ಪ್ರಕರಣದಲ್ಲಿ ಸ್ಪಷ್ಟವಾಯಿತು. ಪಂಜಾಬಿನ ಆ ಸಂಸ್ಥಾನದ ಖಜಾಂಚಿಯಾಗಿದ್ದ ಗುರುದಯಾಳ್ ಸಿಂಗ್ ಎಂಬುವರು ಕೆಲಸ ಬಿಟ್ಟು ಹೊರಗೆ ಹೋದ ಮೇಲೆ, ಹಣ ಬಾಕಿಯಿದೆಯೆಂದು ರಾಜರು ತಮ್ಮದೇ ಕೋರ್ಟಿನಲ್ಲಿ ದಾವೆ ಹಾಕಿದರು. ಆತ ಹಾಜರಾಗಲಿಲ್ಲ, ಏಕಪಕ್ಷೀಯ ತೀರ್ಪಾಯಿತು. ಅದನ್ನು ಹಿಡಿದು ಲಾಹೋರಿಗೆ ಹೋದ ರಾಜರಿಗೆ 1894ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ನಿರಾಶೆ ಮಾಡಿತು. ತನ್ನ ವ್ಯಾಪ್ತಿಯಲ್ಲಿ ವಾಸವಿಲ್ಲದ, ವ್ಯಾಪ್ತಿಗೆ ಒಪ್ಪಿಕೊಳ್ಳದ ವ್ಯಕ್ತಿಯ ಮೇಲೆ ಹಣಕ್ಕಾಗಿ ಕೊಟ್ಟ ಇಂಥ ತೀರ್ಪಿಗೆ ಹೊರಗೆ ಬೆಲೆಯಿಲ್ಲ ಎಂದಿತು.

ರಾಜನಿಗೇ ಹೀಗಾದರೆ ಸಾಮಾನ್ಯ ಬೆಳೆಗಾರನ ಪಾಡೇನು? 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬ್ಯಾಂಕ್ ಆಫ್ ಮೈಸೂರು ಹುಟ್ಟಿದ್ದರ ಮಹತ್ವವನ್ನು ಈ ಕೋನದಿಂದಲೂ ನೋಡಬಹುದು. ಬ್ಯಾಂಕು, ಅದರ ಪ್ರಧಾನ ಕಚೇರಿ, ಗ್ರಾಹಕ, ನ್ಯಾಯಾಲಯ ಎಲ್ಲವೂ ಒಂದೇ ಗಡಿಯೊಳಗೆ ಬಂದವು.

ಸಂಸ್ಥಾನಗಳು ವಿಲೀನವಾದ ಮೇಲೂ ಈ ಗಡಿ ಒಂದೇ ದಿನದಲ್ಲಿ ಅಳಿಸಿ ಹೋಗಲಿಲ್ಲ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ ಮೈಸೂರಿಗೆ ವಿಸ್ತರಣೆಯಾದದ್ದು 1951ರ ಏಪ್ರಿಲ್ 1ರಂದು. ಅದಕ್ಕೂ ಹಿಂದಿನ ವ್ಯಾಜ್ಯಗಳು ಹಳೆಯ ನೆರಳಿನಲ್ಲೇ ನಡೆದವು. 1942ರಲ್ಲಿ ತೀರಿಕೊಂಡ ಬೆಂಗಳೂರಿನ ಉದ್ಯಮಿಯೊಬ್ಬರ ಆಸ್ತಿಯ ವ್ಯಾಜ್ಯ ಮೈಸೂರು, ಮದ್ರಾಸು ಎರಡೂ ಕಡೆ ನಡೆದು ಸುಪ್ರೀಂ ಕೋರ್ಟ್ ತಲುಪಿತು. 1962ರಲ್ಲಿ ತೀರ್ಪು ಹೇಳುವಾಗಲೂ ಸುಪ್ರೀಂ ಕೋರ್ಟ್ ಮೈಸೂರು ಹೈಕೋರ್ಟಿನ ತೀರ್ಪನ್ನು ವಿದೇಶಿ ತೀರ್ಪೆಂದೇ ಪರಿಗಣಿಸಿ, ಮದ್ರಾಸಿನಲ್ಲಿರುವ ಸ್ಥಿರಾಸ್ತಿಯ ಮೇಲೆ ಅದಕ್ಕೆ ಅಧಿಕಾರವಿಲ್ಲ ಎಂದಿತು. ಗಣರಾಜ್ಯವಾಗಿ 12 ವರ್ಷ ಕಳೆದಿತ್ತು!

ಎರಡು ಕುಸಿತಗಳು

ಬ್ಯಾಂಕೇ ಮುಳುಗಿದರೆ? ಆಗ ‘ಎಲ್ಲಿ’ ಎಂಬ ಪ್ರಶ್ನೆ ಇನ್ನೂ ಕ್ರೂರವಾಗುತ್ತದೆ. ದಕ್ಷಿಣ ಭಾರತ ಇದನ್ನು ಎರಡು ಬಾರಿ ಚೆನ್ನಾಗಿ ಕಂಡಿತು.

1906ರ ಅಕ್ಟೋಬರಿನಲ್ಲಿ ಮದ್ರಾಸಿನ ಅರ್ಬತ್‌ನಾಟ್ ಕಂಪನಿ ಬಾಗಿಲು ಹಾಕಿತು. ಅದರ ಲಂಡನ್ ಅಂಗವಾಗಿದ್ದ ಮ್ಯಾಕ್‌ಫೇಡಿಯನ್ ಕಂಪನಿಯೂ ಜೊತೆಗೇ ಬಿತ್ತು. ಪಾಲುದಾರರು ಅವರೇ, ಆದರೆ ದಿವಾಳಿ ವ್ಯವಹಾರ ಎರಡು ದೇಶದ ಎರಡು ನ್ಯಾಯಾಲಯಗಳಲ್ಲಿ. ಎರಡೂ ಕಡೆಯ ಅಧಿಕಾರಿಗಳು ಒಂದು ಒಪ್ಪಂದಕ್ಕೆ ಬಂದರು. ಸಿಕ್ಕಿದ ಆಸ್ತಿಯನ್ನೆಲ್ಲ ಒಟ್ಟುಮಾಡಿ, ಮದ್ರಾಸಿನ ಸಾಲಿಗರಿಗೂ ಲಂಡನ್ನಿನ ಸಾಲಿಗರಿಗೂ ಒಂದೇ ಪ್ರಮಾಣದಲ್ಲಿ ಹಂಚುವುದು. ಇದಕ್ಕೆ ತಕರಾರು ಬಂದಾಗ 1908ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಒಪ್ಪಂದವನ್ನು ಎತ್ತಿಹಿಡಿಯಿತು. ಗಡಿ ದಾಟಿದ ದಿವಾಳಿಗಳ ವಿಚಾರದಲ್ಲಿ ಇಂದಿಗೂ ಈ ಪ್ರಕರಣವನ್ನು ನೆನೆಯುವುದುಂಟು. ಈ ಕುಸಿತದ ಪಾಠದಿಂದಲೇ ವಿ. ಕೃಷ್ಣಸ್ವಾಮಿ ಅಯ್ಯರ್ ಮುಂತಾದವರು 1907ರಲ್ಲಿ ಇಂಡಿಯನ್ ಬ್ಯಾಂಕ್ ಕಟ್ಟಿದರು.

ಎರಡನೆಯದು 1938ರ ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕಿನ ಪತನ. ನೋಂದಣಿ ತಿರುವಾಂಕೂರು ಸಂಸ್ಥಾನದಲ್ಲಿ, ಮುಖ್ಯ ವ್ಯವಹಾರ ಬ್ರಿಟಿಷ್ ಆಡಳಿತದ ಮದ್ರಾಸಿನಲ್ಲಿ. ಬ್ಯಾಂಕಿನ ಮುಖ್ಯಸ್ಥರಾದ ಸಿ.ಪಿ. ಮ್ಯಾಥನ್ ಮತ್ತು ಕೆ.ಸಿ. ಮಮ್ಮನ್ ಮಾಪ್ಪಿಳ್ಳೆಯವರನ್ನು ಮದ್ರಾಸಿನಲ್ಲಿ ಬಂಧಿಸಿ ತಿರುವಾಂಕೂರಿಗೆ ಒಯ್ಯಲಾಯಿತು. ಹಾಗೆ ಒಯ್ಯುವುದು ಸರಿಯೇ ಎಂಬ ವಾದ 1939ರಲ್ಲಿ ಪ್ರಿವಿ ಕೌನ್ಸಿಲ್ಲಿನವರೆಗೆ ಹೋಯಿತು. ಇತ್ತ ಬ್ಯಾಂಕಿನ ಸಮಾಪನೆ ಮದ್ರಾಸ್ ಹೈಕೋರ್ಟಿನಲ್ಲಿ. ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅವರ ರಾಜಕೀಯವೂ ಇದರಲ್ಲಿ ಬೆರೆತಿತ್ತೆಂಬ ಮಾತು ಇಂದಿಗೂ ಇದೆ. ದೊಡ್ಡವರ ಜಗಳ ಯಾರ ಗಡಿಯಲ್ಲಿ ಯಾರ ಅಧಿಕಾರ ಎಂಬುದರ ಸುತ್ತ ನಡೆಯುವಾಗ ಠೇವಣಿದಾರನಿಗೆ ಕಾಯುವುದೊಂದೇ ಕೆಲಸ.

1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಬಿದ್ದ ಬಳಿಕ ಸರ್ಕಾರ ಎಚ್ಚೆತ್ತಿತು. 1962ರ ಜನವರಿ 1ರಿಂದ ಠೇವಣಿ ವಿಮೆ ಬಂತು. ಮೊದಲು 1,500 ರೂಪಾಯಿಯಿದ್ದ ಮಿತಿ 1993ರಲ್ಲಿ ಒಂದು ಲಕ್ಷಕ್ಕೂ 2020ರಲ್ಲಿ ಐದು ಲಕ್ಷಕ್ಕೂ ಏರಿತು. ವಿಮೆಯ ದೊಡ್ಡ ಗುಣವೆಂದರೆ, ಸಣ್ಣ ಠೇವಣಿದಾರ ಯಾವ ಊರಿನ ಕೋರ್ಟನ್ನೂ ಹುಡುಕಬೇಕಿಲ್ಲ. ಆದರೆ ಇದು ಮುಳುಗಿದ ಬ್ಯಾಂಕಿಗೆ ಸಲ್ಲುವ ಮಾತು. ತಪ್ಪು ಲೆಕ್ಕ ಹಾಕಿದ, ಚೆನ್ನಾಗಿಯೇ ನಡೆಯುತ್ತಿರುವ ಬ್ಯಾಂಕಿನ ವಿರುದ್ಧ ಇದು ಉಪಯೋಗಕ್ಕೆ ಬರುವುದಿಲ್ಲ.

ಊರಲ್ಲೇ ಇದ್ದ ಶಾಖೆ, ದೂರ ಹೋದ ಕಚೇರಿ

ಅಂಥ ಬ್ಯಾಂಕಿನ ಮೇಲೆ ಹೂಡುವ ಸಾಮಾನ್ಯ ದಾವೆಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಕಲಮೇ ಆಧಾರ. ಪ್ರತಿವಾದಿ ವಾಸಿಸುವ ಅಥವಾ ವ್ಯವಹಾರ ನಡೆಸುವ ಕಡೆ, ಇಲ್ಲವೆ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ಕಡೆ ದಾವೆ ಹೂಡಬಹುದು. ಕಂಪನಿಯಾದರೆ, ಕಾರಣ ಹುಟ್ಟಿದ ಊರಿನಲ್ಲಿ ಅದರ ಶಾಖೆಯಿದ್ದಲ್ಲಿ ಅದು ಅಲ್ಲೇ ವ್ಯವಹಾರ ನಡೆಸುತ್ತದೆಂದು ಭಾವಿಸಬೇಕು. ಶಾಖೆ ತೆರೆದು ಠೇವಣಿ ಕೇಳುವವರು ಅಲ್ಲಿಯ ಕೋರ್ಟಿಗೂ ಉತ್ತರ ಹೇಳಬೇಕು ಎಂಬುದೇ ಇದರ ತಿರುಳು.

ಬುದ್ಧಿವಂತ ಕಂಪನಿಗಳು ಇದಕ್ಕೂ ದಾರಿ ಹುಡುಕಿದವು. ರಸೀತಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ಎಲ್ಲ ವ್ಯಾಜ್ಯಗಳೂ ಬಾಂಬೆ ನ್ಯಾಯಾಲಯಕ್ಕೆ ಮಾತ್ರ’ ಎಂದು ಅಚ್ಚು ಹಾಕಿಸುವುದು ಆ ದಾರಿ. ಅಧಿಕಾರವಿರುವ ಎರಡು ಕೋರ್ಟುಗಳಲ್ಲಿ ಒಂದನ್ನು ಒಪ್ಪಂದದಿಂದ ಆರಿಸಿಕೊಳ್ಳಬಹುದು, ಅಧಿಕಾರವೇ ಇಲ್ಲದ ಕೋರ್ಟಿಗೆ ಒಪ್ಪಂದದಿಂದ ಅಧಿಕಾರ ಬರದು ಎಂದು ಸುಪ್ರೀಂ ಕೋರ್ಟ್ 1971ರಿಂದಲೂ ಹೇಳುತ್ತ ಬಂದಿದೆ. 1991ರ ಪಟೇಲ್ ರೋಡ್‌ವೇಸ್ ಪ್ರಕರಣ ತಿಪಟೂರಿನ ಕೊಬ್ಬರಿ ವರ್ತಕರಿಗೂ ಅರ್ಥವಾಗುವಂಥದ್ದು. ತಮಿಳುನಾಡಿನ ಏಲಕ್ಕಿ ವ್ಯಾಪಾರಿ ದೆಹಲಿಗೆ ಕಳಿಸಿದ ಸರಕು ನಷ್ಟವಾಯಿತು. ಸಾರಿಗೆ ಕಂಪನಿ ‘ಬಾಂಬೆಗೆ ಬನ್ನಿ’ ಎಂದಿತು. ಕಾರಣ ಹುಟ್ಟಿದ ಊರಿನಲ್ಲಿ ಶಾಖೆಯಿದ್ದರೆ ಕೇವಲ ಪ್ರಧಾನ ಕಚೇರಿ ಇದೆಯೆಂಬ ಕಾರಣಕ್ಕೆ ಬಾಂಬೆಗೆ ವ್ಯಾಪ್ತಿ ಬರುವುದಿಲ್ಲ ಎಂದು ಕೋರ್ಟು ಹೇಳಿತು. ಅದೇ ನ್ಯಾಯ ಬ್ಯಾಂಕಿಗೂ ಅನ್ವಯಿಸುತ್ತದೆ.

ಈ ನಿಯಮದ ಬೆಲೆ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿದೆ. ತುಮಕೂರಿನಲ್ಲಿ ಪ್ರಧಾನ ಕಚೇರಿಯಿದ್ದ ಕಲ್ಪತರು ಗ್ರಾಮೀಣ ಬ್ಯಾಂಕ್ 2006ರಲ್ಲಿ ಮೈಸೂರಿನ ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿತು. ಕಚೇರಿ ಮೈಸೂರಿಗೆ ಹೋಯಿತು. 2019ರಲ್ಲಿ ಮತ್ತೊಂದು ವಿಲೀನ. ಕಚೇರಿ ಬಳ್ಳಾರಿಗೆ ಹೋಯಿತು. 2025ರಲ್ಲಿ ಇನ್ನೊಂದು ವಿಲೀನವಾಗಿ ಇಡೀ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು. ಬ್ಯಾಂಕ್ ಆಫ್ ಮೈಸೂರಿನ ಉತ್ತರಾಧಿಕಾರಿಯಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು. ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಮುಂಬೈನ ಯೂನಿಯನ್ ಬ್ಯಾಂಕಿಗೆ ಸೇರಿತು. ಗ್ರಾಹಕ ಕುಳಿತಲ್ಲೇ ಕುಳಿತಿದ್ದಾನೆ. ಅವನ ಸಾಲಗಾರ ಮಾತ್ರ ಊರಿಂದೂರಿಗೆ ದೂರ ಸರಿದಿದ್ದಾನೆ. ಶಾಖೆಯ ಊರಿನಲ್ಲಿ ದಾವೆ ಹೂಡುವ ಹಕ್ಕು ಇಲ್ಲದಿದ್ದರೆ ಪ್ರತಿ ವಿಲೀನವೂ ಅವನ ನ್ಯಾಯವನ್ನು ಒಂದೊಂದು ಜಿಲ್ಲೆ ಆಚೆಗೆ ತಳ್ಳುತ್ತಿತ್ತು.

ಗ್ರಾಹಕನ ಬಾಗಿಲಿಗೆ

ಆದರೂ ನಮ್ಮ ಬೆಳೆಗಾರ ಸಿವಿಲ್ ದಾವೆಗಾಗಿ ತಿಪಟೂರಿಗೇ ಬರಬೇಕು. ತನ್ನ ಊರಿನಿಂದಲೇ ಕೇಳುವ ಹಕ್ಕು ಬಂದದ್ದು ಗ್ರಾಹಕ ಕಾನೂನಿನ ಮೂಲಕ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬ್ಯಾಂಕಿಂಗನ್ನು ‘ಸೇವೆ’ಯ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿತು, ಪ್ರತಿ ಜಿಲ್ಲೆಗೂ ವೇದಿಕೆ ಕೊಟ್ಟಿತು. ಆದರೆ ಅಲ್ಲಿಯೂ ವ್ಯಾಪ್ತಿ ನಿರ್ಧಾರವಾಗುತ್ತಿದ್ದುದು ಎದುರುದಾರ ಎಲ್ಲಿದ್ದಾನೆ, ಕಾರಣ ಎಲ್ಲಿ ಹುಟ್ಟಿತು ಎಂಬುದರ ಮೇಲೆ. ಎದುರುದಾರನ ‘ಶಾಖೆ’ ಇರುವ ಕಡೆ ದೂರಬಹುದು ಎಂಬ ಮಾತನ್ನೂ ಸುಪ್ರೀಂ ಕೋರ್ಟ್ 2009ರ ಸೋನಿಕ್ ಸರ್ಜಿಕಲ್ ಪ್ರಕರಣದಲ್ಲಿ ಬಿಗಿ ಮಾಡಿತು. ಅಂಬಾಲದ ಗೋದಾಮಿನ ಬೆಂಕಿಗೆ ಚಂಡೀಗಢದಲ್ಲಿ ದೂರು ಕೊಡಲಾಗದು, ಕಾರಣ ಹುಟ್ಟಿದ ಊರಿನ ಶಾಖೆಯೇ ಆಗಬೇಕು ಎಂದಿತು.

2020ರ ಜುಲೈ 20ರಂದು ಜಾರಿಗೆ ಬಂದ 2019ರ ಹೊಸ ಕಾಯ್ದೆ ಈ ಪಟ್ಟಿಗೆ ಒಂದು ಸಾಲು ಸೇರಿಸಿತು. ದೂರುದಾರ ವಾಸಿಸುವ ಅಥವಾ ದುಡಿಯುವ ಕಡೆಯೂ ದೂರು ಕೊಡಬಹುದು. ಒಂದೇ ಸಾಲು, ಆದರೆ ಶತಮಾನದ ಲೆಕ್ಕವನ್ನೇ ತಿರುಗಿಸಿದ ಸಾಲು. ಚಿಕ್ಕನಾಯಕನಹಳ್ಳಿಯವರು, ತುರುವೇಕೆರೆಯವರು ತುಮಕೂರಿನ ಜಿಲ್ಲಾ ಆಯೋಗದಲ್ಲೇ ಯಾವ ಊರಿನ ಬ್ಯಾಂಕನ್ನಾದರೂ ಪ್ರಶ್ನಿಸಬಹುದು. ಐದು ಲಕ್ಷದೊಳಗಿನ ಪ್ರಕರಣಕ್ಕೆ ಶುಲ್ಕವಿಲ್ಲವೆಂದು 2020ರ ನಿಯಮಗಳು ಹೇಳಿದವು. ವಕೀಲರು ಕಡ್ಡಾಯವಲ್ಲ. ಸಹಕಾರಿ ಸಂಘಗಳ ಸದಸ್ಯರಿಗೂ ಈ ಬಾಗಿಲು ಮುಚ್ಚಿಲ್ಲವೆಂದು ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿತ್ತು.

ರಿಸರ್ವ್ ಬ್ಯಾಂಕಿನ ದಾರಿಯೂ ಇದೇ ದಿಕ್ಕಿನದು. 1995ರಲ್ಲಿ ಬಂದ ಬ್ಯಾಂಕಿಂಗ್ ಒಂಬುಡ್ಸ್‌ಮನ್ ಯೋಜನೆಯಲ್ಲಿ ಒಬ್ಬೊಬ್ಬ ಒಂಬುಡ್ಸ್‌ಮನ್‌ಗೂ ಒಂದೊಂದು ಪ್ರದೇಶವಿತ್ತು. 2021ರ ನವೆಂಬರ್ 12ರ ಏಕೀಕೃತ ಯೋಜನೆ ಆ ಗಡಿಗಳನ್ನೇ ತೆಗೆದುಹಾಕಿತು. ದೇಶದ ಎಲ್ಲಿಂದ ಬಂದ ದೂರನ್ನೂ ಮೊದಲು ನೋಡಲು ಚಂಡೀಗಢದಲ್ಲಿ ಒಂದು ಕೇಂದ್ರ ತೆರೆಯಲಾಯಿತು. ಆದರೆ ಮೊದಲು ಬ್ಯಾಂಕಿಗೆ ಬರೆದು 30 ದಿನ ಕಾಯಬೇಕು.

ಈ ಪಯಣ ಯಾವಾಗಲೂ ಮುಂದಕ್ಕೇ ಸಾಗಿತೆಂದು ತಿಳಿಯಬೇಕಿಲ್ಲ. ಚೆಕ್ ಅಮಾನ್ಯದ ಮೊಕದ್ದಮೆ ಬ್ಯಾಂಕಿನ ವಿರುದ್ಧದ್ದಲ್ಲವಾದರೂ ಒಳ್ಳೆಯ ಉದಾಹರಣೆ. ಉತ್ತರ ಭಾರತದ ಖರೀದಿದಾರ ಕೊಟ್ಟ ಚೆಕ್ ವಾಪಸಾದರೆ, 1999ರ ತೀರ್ಪಿನ ಪ್ರಕಾರ ತಿಪಟೂರಿನ ವರ್ತಕ ತನ್ನ ಊರಿನಲ್ಲೇ ದೂರು ಕೊಡಬಹುದಿತ್ತು. 2014ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್, ಚೆಕ್ ಕೊಟ್ಟವನ ಬ್ಯಾಂಕಿರುವ ಊರಿಗೇ ಹೋಗಬೇಕು ಎಂದಿತು. ಹಣ ಕಳೆದುಕೊಂಡವನೇ ದೆಹಲಿಗೆ ಅಲೆಯಬೇಕಾಯಿತು. ಗದ್ದಲವೆದ್ದು 2015ರಲ್ಲಿ ಕಾನೂನು ತಿದ್ದುಪಡಿಯಾಗಿ, ಹಣ ಬರಬೇಕಾದವನ ಖಾತೆಯಿರುವ ಶಾಖೆಯ ಊರಿಗೆ ವ್ಯಾಪ್ತಿ ಮರಳಿತು. ಒಂದು ತೀರ್ಪು ಕಿತ್ತುಕೊಂಡದ್ದನ್ನು ಒಂದು ತಿದ್ದುಪಡಿ ಹಿಂದಿರುಗಿಸಿತು.

ಹೊರದೇಶಗಳೂ ಈ ತೊಡಕಿನಿಂದ ಹೊರತಲ್ಲ. ಐರೋಪ್ಯ ಒಕ್ಕೂಟ 2009ರಿಂದ ಗಡಿಯಾಚೆಯ ಸಣ್ಣ ಹಕ್ಕುಗಳಿಗೆಂದೇ ಒಂದು ಸರಳ ಕ್ರಮ ಜಾರಿಗೆ ತಂದಿತು. ಮೊದಲು 2,000 ಯೂರೋ, 2017ರಿಂದ 5,000 ಯೂರೋವರೆಗಿನ ವ್ಯಾಜ್ಯಕ್ಕೆ ನಮೂನೆ ತುಂಬಿದರೆ ಸಾಕು. ಸಾಮಾನ್ಯವಾಗಿ ಕಾಗದದ ಮೇಲೆಯೇ ವಿಚಾರಣೆ. ಒಂದು ದೇಶದ ತೀರ್ಪು ಇನ್ನೊಂದು ದೇಶದಲ್ಲಿ ನೇರವಾಗಿ ಜಾರಿಯಾಗುತ್ತದೆ. ಮೈಸೂರು–ಮದ್ರಾಸು ನಡುವೆ ನಾವು 1951ರಲ್ಲಿ ದಾಟಿದ ಬೇಲಿಯನ್ನು ಅವರು ಸಣ್ಣ ಹಕ್ಕುದಾರರಿಗಾಗಿ ದಾಟಿದ್ದು ಈ ಶತಮಾನದಲ್ಲಿ.

ಮೊದಲ ಮೆಟ್ಟಿಲು

ಹಾಗಾದರೆ ನಮ್ಮ ಬೆಳೆಗಾರರ ಎಂಟು ಸಾವಿರ? ಸಿವಿಲ್ ದಾವೆಗೆ ತಿಪಟೂರು, ಗ್ರಾಹಕ ದೂರಿಗೆ ತುಮಕೂರು, ಒಂಬುಡ್ಸ್‌ಮನ್‌ಗೆ ಅಂಚೆ ಅಥವಾ ಅಂತರ್ಜಾಲ. ಮುಂಬೈಗೂ ದೆಹಲಿಗೂ ಹೋಗುವ ಅಗತ್ಯವಿಲ್ಲ. ಆದರೆ ಈ ಎಲ್ಲ ಬಾಗಿಲುಗಳಿಗೂ ಕೀಲಿಕೈ ಒಂದೇ, 1921ರ ತೀರ್ಪಿನಲ್ಲಿ ಕಂಡದ್ದು: ಶಾಖೆಯಲ್ಲಿ ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿಯಿಲ್ಲ. ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ದಿನಾಂಕ ಸಮೇತ ಮೊಹರು ಹಾಕಿಸಿಕೊಳ್ಳಬೇಕು. ಹೊರಗಿನವರ ಕೈವಾಡದಿಂದ ಹೋದ ಹಣದ ಬಗ್ಗೆ ಬ್ಯಾಂಕಿನ ಸೂಚನೆ ಸಿಕ್ಕ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆಯಿಲ್ಲ, ತಪ್ಪು ಗ್ರಾಹಕನದೆಂದು ರುಜುವಾತು ಮಾಡುವ ಭಾರ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ಆ ಮೂರು ದಿನವನ್ನು ಎಣಿಸುವುದು ಆ ಮೊಹರಿನ ದಿನಾಂಕ ನೋಡಿಯೇ.

ಕೊಬ್ಬರಿ ಕಾಯುವಷ್ಟು ತಾಳ್ಮೆ ಈ ಸೀಮೆಯವರಿಗೆ ಇದೆ. ಕಾನೂನು ಕೇಳುವುದು ತಾಳ್ಮೆಯನ್ನಲ್ಲ, ಒಂದು ಕಾಗದವನ್ನು. ಅಟ್ಟದ ಮೇಲೆ ಕಾಯಿ ಇಟ್ಟಂತೆ ಆ ಕಾಗದವನ್ನೂ ಜೋಪಾನವಾಗಿ ಇಟ್ಟುಕೊಂಡರೆ, ‘ಮುಂಬೈಗೆ ಬರೆಯಿರಿ’ ಎಂದವರು ತುಮಕೂರಿಗೆ ಬಂದು ಉತ್ತರ ಹೇಳಬೇಕಾಗುತ್ತದೆ.